ಚಿತ್ರ ಬಂತು, ಮೂರನೆಯ ಪಿನ್ನು?

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ಕಡೆ ಹೊಸ ಟಿ.ವಿ. ಇಂದಿಗೂ ಸುಮ್ಮನೆ ಮನೆಯೊಳಗೆ ಬರುವುದಿಲ್ಲ. ಟಂಟಂನಿಂದ ಇಳಿದ ರಟ್ಟಿನ ಪೆಟ್ಟಿಗೆಗೆ ಹೊಸ್ತಿಲಲ್ಲೇ ಅರಿಶಿನ-ಕುಂಕುಮ ಬೀಳುತ್ತದೆ. ಊದಿನಕಡ್ಡಿ ಬೆಳಗಿ ಕಾಯಿ ಒಡೆಯುತ್ತಾರೆ. (ಕಾಯಿಯ ನೀರು ಸ್ವಿಚ್ ಬೋರ್ಡಿನಿಂದ ನಾಲ್ಕು ಮಾರು ದೂರ ಬಿದ್ದರೆ ಒಳ್ಳೆಯದು.) ಆಮೇಲೆ ಅಂಗಡಿಯ ಹುಡುಗ ಬರುತ್ತಾನೆ. ಅರ್ಧ ತಾಸಿನಲ್ಲಿ ಗೋಡೆಗೆ ನಾಲ್ಕು ತೂತು, ಮಾಳಿಗೆಯ ಮೇಲೊಂದು ತಟ್ಟೆ, ಕಿಟಕಿಯ ಸಂದಿನಿಂದ ಒಂದು ಕರಿಯ ವೈರು. ಪರದೆ ಬೆಳಗುತ್ತದೆ. ಮನೆಯ ಹಿರಿಯರು ಒಂದೆರಡು ಪ್ರಶ್ನೆ ಕೇಳಹೊರಟರೆ ಅವನ ಉತ್ತರ ಸಿದ್ಧ: "ಅಜ್ಜಾರ, ಚಿತ್ರ ಬಂತಲ್ರೀ, ಇನ್ನೇನ ಬೇಕ್ರಿ?"

ಬೇಕಾದದ್ದು ಬಹಳಷ್ಟಿದೆ. ಟಿ.ವಿ.ಗೆ ಎರಡು ದಾರಿಗಳಿಂದ ವಸ್ತು ಬರಬೇಕು. ಒಂದು ಆಕಾಶದಿಂದ ಬರುವ ಸಂಕೇತ, ಇನ್ನೊಂದು ಕಂಬದಿಂದ ಬರುವ ಕರೆಂಟು. ಚಿತ್ರ ಬಂದಿತೆಂದರೆ ಎರಡೂ ಬಂದಿವೆ ಎಂದಷ್ಟೇ ಅರ್ಥ. ಕರೆಂಟು ದಾರಿ ತಪ್ಪಿದರೆ ಎಲ್ಲಿಗೆ ಹೋಗಬೇಕು ಎಂಬುದನ್ನು ಚಿತ್ರ ಹೇಳುವುದಿಲ್ಲ. ಮೂರು ಪಿನ್ನಿನ ಪ್ಲಗ್ಗಿನಲ್ಲಿ ದಪ್ಪನೆಯ ಮೂರನೆಯ ಪಿನ್ನನ್ನು ಮುರಿದು ಹಾಕಿದರೂ ಚಿತ್ರ ಅಷ್ಟೇ ಚೆನ್ನಾಗಿ ಬರುತ್ತದೆ. ಮೋಸ ಇರುವುದೇ ಅಲ್ಲಿ.

ಈ ಭಾಗಕ್ಕೆ ಟಿ.ವಿ. ಬಂದ ಬಗೆಯೂ ಸ್ವಾರಸ್ಯವಾಗಿದೆ. ಆಗ ಬಾಗಲಕೋಟೆ ಜಿಲ್ಲೆ ಹುಟ್ಟಿರಲಿಲ್ಲ. 1997ರವರೆಗೆ ಈ ಊರುಗಳೆಲ್ಲ ವಿಜಾಪುರ ಜಿಲ್ಲೆಯವೇ. ಆ ವಿಜಾಪುರ ಜಿಲ್ಲೆ, ಗುಲಬರ್ಗಾ ಮತ್ತು ರಾಯಚೂರಿನ ಜೊತೆಗೆ, 1975ರಲ್ಲಿ ಒಂದು ಅಪೂರ್ವ ಪ್ರಯೋಗಕ್ಕೆ ಆಯ್ಕೆಯಾಯಿತು. ಅಮೆರಿಕದ ನಾಸಾ ಸಂಸ್ಥೆಯ ಎ.ಟಿ.ಎಸ್.-6 ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಕಡ ಪಡೆದು, ಇಸ್ರೋ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಕಾರ್ಯಕ್ರಮ ತಲುಪಿಸಿತು. 'ಸೈಟ್' ಎಂದೇ ಹೆಸರಾದ ಈ ಪ್ರಯೋಗ 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ನಡೆಯಿತು. ಬೆಳಿಗ್ಗೆ ಶಾಲೆಯ ಮಕ್ಕಳಿಗೆ, ಸಂಜೆ ಊರಿನವರಿಗೆಲ್ಲ. ಆ ಅವಧಿಯಲ್ಲೇ ಸುಮಾರು 50 ಸಾವಿರ ಪ್ರಾಥಮಿಕ ಶಾಲೆಯ ಶಿಕ್ಷಕರಿಗೆ ಟಿ.ವಿ.ಯ ಮೂಲಕ ವಿಜ್ಞಾನ ಬೋಧನೆಯ ತರಬೇತಿ ಕೊಡಲಾಯಿತೆಂಬುದನ್ನು ಇಂದು ನೆನೆಯುವವರು ಕಡಿಮೆ. ಬೆಂಗಳೂರಿನಲ್ಲಿ ದೂರದರ್ಶನ ಆರಂಭವಾದದ್ದು 1981ರ ನವೆಂಬರಿನಲ್ಲಿ. ಅಂದರೆ ಉತ್ತರದ ಈ ಬಿಸಿಲು ನಾಡಿನ ಹಳ್ಳಿಗರು ರಾಜಧಾನಿಯವರಿಗಿಂತ ಆರು ವರ್ಷ ಮೊದಲೇ ಉಪಗ್ರಹದ ಚಿತ್ರ ನೋಡಿದ್ದರು!

ಆ ಸೆಟ್ಟುಗಳ ಜೊತೆಗಿದ್ದ ತಟ್ಟೆ ಮೂರು ಮೀಟರ್ ಅಗಲದ್ದು. ಹೊಳೆಯುವ ತಗಡಿನದಲ್ಲ, ಕೋಳಿಗೂಡಿಗೆ ಬಳಸುವ ತಂತಿಜಾಲರಿಯದು. ಜಾಲರಿಯ ತೂತಿನಿಂದ ಸಂಕೇತ ಸೋರಿಹೋಗುವುದಿಲ್ಲವೇ? ಹೋಗುವುದಿಲ್ಲ. ಅಂದಿನ ಅಲೆಯ ಕಂಪನಾಂಕ 860 ಮೆಗಾಹರ್ಟ್ಸ್. ಅದರ ಉದ್ದ ಸುಮಾರು 35 ಸೆಂಟಿಮೀಟರ್. ತೂತು ಅಲೆಯ ಉದ್ದಕ್ಕಿಂತ ಬಹಳ ಚಿಕ್ಕದಾಗಿದ್ದರೆ ಅಲೆಯ ಪಾಲಿಗೆ ಜಾಲರಿಯೂ ಕನ್ನಡಿಯೇ. ಇಂದಿನ ಮನೆಯ ತಟ್ಟೆಗೆ ಬರುವ ಅಲೆಯ ಉದ್ದ ಬರೀ ಎರಡೂವರೆ ಸೆಂಟಿಮೀಟರಿನ ಆಸುಪಾಸು. ಅದಕ್ಕೇ ಈಗ ಗಟ್ಟಿ ತಗಡು ಬೇಕು, ತಟ್ಟೆ ಮಾತ್ರ ಚಿಕ್ಕದಾದರೆ ಸಾಕು.

ನಡುವೆ ಇನ್ನೊಂದು ಯುಗ ಬಂದು ಹೋಯಿತು. 1987ರಲ್ಲಿ 'ರಾಮಾಯಣ' ಶುರುವಾದಾಗ ಮಾಳಿಗೆಗಳ ಮೇಲೆ ಅಲ್ಯೂಮಿನಿಯಂ ಕಡ್ಡಿಗಳ ಆಂಟೆನಾ ಬೆಳೆದವು. ಒಬ್ಬ ಮೇಲೆ ನಿಂತು ಕೊಳವೆ ತಿರುವುವುದು, ಒಬ್ಬಳು ಪಡಸಾಲೆಯಲ್ಲಿ ಪರದೆ ನೋಡುವುದು, ನಡುವೆ ಮೆಟ್ಟಿಲ ಮೇಲೆ ನಿಂತ ಹುಡುಗ "ಬಂತು... ಬಂತು... ಹೋತು!" ಎಂದು ಕೂಗುವುದು. ಆ ಆಂಟೆನಾದ ಮುಖ್ಯ ಕಡ್ಡಿಯ ಉದ್ದ ಅಲೆಯ ಉದ್ದದ ಅರ್ಧ. ಹೀಗಾಗಿ ಒಂದು ಚಾನೆಲ್ಲಿಗೆ ಎರಡು ಮೀಟರಿಗೂ ಮಿಕ್ಕಿದ ಕಡ್ಡಿ ಬೇಕಾದರೆ ಇನ್ನೊಂದಕ್ಕೆ ಮುಕ್ಕಾಲು ಮೀಟರಿನದು ಸಾಕಾಗುತ್ತಿತ್ತು. ಆಯಕಟ್ಟಿನ ಕೆಲವು ಸ್ಥಳಗಳನ್ನು ಬಿಟ್ಟು ದೇಶದ ಆ ಹಳೆಯ ನೆಲಮಟ್ಟದ ಪ್ರಸಾರ ಕೇಂದ್ರಗಳನ್ನು ದೂರದರ್ಶನ 2022ರ ಹೊತ್ತಿಗೆ ನಿಲ್ಲಿಸಿತು. ಮಾಳಿಗೆಯ ಮೇಲೆ ಉಳಿದ ಕಡ್ಡಿಗಳ ಮೇಲೆ ಈಗ ಗಿಳಿ, ಗುಬ್ಬಿ ಕೂರುತ್ತವೆ.

ಈಗಿನ ತಟ್ಟೆಯ ಲೆಕ್ಕವನ್ನು ಒಂಬತ್ತನೆಯ ತರಗತಿಯ ಮಕ್ಕಳೂ ತಿಳಿಯಬಲ್ಲರು. ಪ್ರಸಾರದ ಉಪಗ್ರಹಗಳು ಭೂಮಧ್ಯರೇಖೆಯ ನೇರ ಮೇಲೆ, ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ, ಭೂಮಿ ತಿರುಗಿದಷ್ಟೇ ವೇಗದಲ್ಲಿ ಸುತ್ತುವುದರಿಂದ ನಮಗೆ ನಿಂತಲ್ಲೇ ನಿಂತಂತೆ ಕಾಣುತ್ತವೆ. ನಾವು ರೇಖೆಯ ಉತ್ತರಕ್ಕಿದ್ದೇವೆ, ಆದ್ದರಿಂದ ತಟ್ಟೆ ದಕ್ಷಿಣದ ಕಡೆಗೇ ನೋಡಬೇಕು. ಎಡಕ್ಕೋ ಬಲಕ್ಕೋ ಎಂಬುದು ಯಾವ ಉಪಗ್ರಹ ಎಂಬುದರ ಮೇಲೆ. ತಿಂಗಳ ಬಾಡಿಗೆ ಇಲ್ಲದ ದೂರದರ್ಶನದ ಫ್ರೀ ಡಿಶ್ ಬರುವುದು 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿರುವ ಜಿಸ್ಯಾಟ್-15ರಿಂದ. ಜಮಖಂಡಿಯಿಂದ ಲೆಕ್ಕ ಹಾಕಿದರೆ ಅದು ಹೆಚ್ಚುಕಡಿಮೆ ಆಗ್ನೇಯ ದಿಕ್ಕಿನಲ್ಲಿ, ನೆಲದಿಂದ ಸುಮಾರು 61 ಡಿಗ್ರಿ ಎತ್ತರದಲ್ಲಿದೆ. ಮುಧೋಳ, ಬೀಳಗಿ, ಬನಹಟ್ಟಿಗೂ ಇದೇ ಲೆಕ್ಕ, ಒಂದು ಡಿಗ್ರಿಯ ವ್ಯತ್ಯಾಸವೂ ಆಗದು. 1975ರ ಉಪಗ್ರಹ ಆಫ್ರಿಕದ ಮೇಲಿತ್ತು. ಆದ್ದರಿಂದ ಅಂದು ಇದೇ ಸೀಮೆಯಲ್ಲಿ ತಟ್ಟೆ ನೋಡಬೇಕಾಗಿದ್ದದ್ದು ಪಡುವಣದ ಕಡೆಗೆ, ತುಸು ನೈರುತ್ಯಕ್ಕೆ ವಾಲಿ, 40 ಡಿಗ್ರಿ ಎತ್ತರದಲ್ಲಿ. ವಾಸ್ತು ಕೇಳಿ ತಟ್ಟೆಯ ಮೂಲೆ ನಿರ್ಧರಿಸುವವರು ಇದನ್ನೊಮ್ಮೆ ಗಮನಿಸಬೇಕು. ಉಪಗ್ರಹ ಯಾರ ಮನೆಯ ಬಾಗಿಲನ್ನೂ ನೋಡುವುದಿಲ್ಲ.

ಇಲ್ಲಿ ಹಲವರಿಗೆ ಒಂದು ಗೊಂದಲ. 61 ಡಿಗ್ರಿ ಎಂದರೆ ತಟ್ಟೆ ಬಹುತೇಕ ಆಕಾಶಕ್ಕೆ ಬಾಯಿ ತೆರೆದು ಮಲಗಬೇಕಲ್ಲ, ಆದರೆ ಅದು ಅಷ್ಟೊಂದು ವಾಲಿರುವುದಿಲ್ಲವಲ್ಲ ಎಂದು. ಮನೆಯ ತಟ್ಟೆಯಲ್ಲಿ ಸಂಕೇತ ಹಿಡಿಯುವ ಮೂತಿ ನಟ್ಟನಡುವೆ ಇಲ್ಲದೆ ಕೆಳಗಿನ ತೋಳಿನ ತುದಿಯಲ್ಲಿರುತ್ತದೆ. ಅದರಿಂದ ತಟ್ಟೆ ಕಣ್ಣಿಗೆ ಕಾಣುವುದಕ್ಕಿಂತ ಇಪ್ಪತ್ತು-ಇಪ್ಪತ್ತೈದು ಡಿಗ್ರಿ ಮೇಲಿನದನ್ನು ನೋಡುತ್ತದೆ. ಮೊಬೈಲಿನ ದಿಕ್ಸೂಚಿ ಬಳಸುವವರು ಕಬ್ಬಿಣದ ಕೊಳವೆಯಿಂದ ಮೂರು ಹೆಜ್ಜೆ ದೂರ ನಿಂತು ದಿಕ್ಕು ಗುರುತಿಸಿಕೊಳ್ಳಬೇಕು, ಇಲ್ಲವಾದರೆ ಕಬ್ಬಿಣವೇ ಸೂಜಿಯನ್ನು ಎಳೆಯುತ್ತದೆ. ಮಣ್ಣಿನ ಮಾಳಿಗೆಯಲ್ಲಿ ತಟ್ಟೆಯ ಕಾಲನ್ನು ಮಾಳಿಗೆಗೇ ಹುಗಿದರೆ ಮಳೆಗಾಲದಲ್ಲಿ ಆ ತೂತೇ ಸೋರುತ್ತದೆ. ಪಕ್ಕದ ಗಟ್ಟಿ ಗೋಡೆಗೆ ಬಿಗಿಯುವುದು ಮೇಲು. ವೈರು ಗೋಡೆಯೊಳಗೆ ಹೋಗುವ ಮುನ್ನ ಒಂದು ಗೇಣು ಕೆಳಕ್ಕೆ ಜೋಲು ಬಿಟ್ಟರೆ ನೀರು ಅಲ್ಲೇ ತೊಟ್ಟಿಕ್ಕುತ್ತದೆ, ವೈರಿನ ಗುಂಟ ಪಡಸಾಲೆಗೆ ಬರುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾದದ್ದು, ಮಾಳಿಗೆಯ ಪಕ್ಕದಲ್ಲೇ ವಿದ್ಯುತ್ ತಂತಿ ಹಾದುಹೋಗಿದ್ದರೆ ಉದ್ದನೆಯ ಕಬ್ಬಿಣದ ಕೊಳವೆಯನ್ನು ಅಲ್ಲಿ ಎತ್ತಲೇಬಾರದು. ಕೈಜಾರಿದ ಕೊಳವೆ ತಂತಿಗೆ ತಾಕಲು ಒಂದು ಕ್ಷಣ ಸಾಕು.

ಇನ್ನು ಮೂರನೆಯ ಪಿನ್ನಿನ ವಿಷಯ. ಅದು ಉಳಿದೆರಡಕ್ಕಿಂತ ದಪ್ಪ ಏಕೆ, ಉದ್ದ ಏಕೆ? ಉದ್ದವಾಗಿರುವುದರಿಂದ ಪ್ಲಗ್ ಹಾಕುವಾಗ ಭೂಮಿಯ ಸಂಪರ್ಕ ಎಲ್ಲಕ್ಕಿಂತ ಮೊದಲು ಆಗುತ್ತದೆ, ತೆಗೆಯುವಾಗ ಎಲ್ಲಕ್ಕಿಂತ ಕೊನೆಗೆ ಬಿಡುತ್ತದೆ. ದಪ್ಪವಾಗಿರುವುದರಿಂದ ತಪ್ಪು ತೂತಿಗೆ ಹೋಗುವುದಿಲ್ಲ. ಉಪಕರಣದ ಒಳಗೆ ಫೇಸ್ ತಂತಿ ಸಡಿಲಾಗಿ ಲೋಹದ ಹೊರಮೈಗೆ ತಾಗಿತೆನ್ನಿ. ಅರ್ಥಿಂಗ್ ಸರಿಯಿದ್ದರೆ ಕರೆಂಟು ಸುಲಭದ ದಾರಿ ಹಿಡಿದು ನೆಲಕ್ಕೆ ಇಳಿಯುತ್ತದೆ, ಫ್ಯೂಜ್ ಹಾರುತ್ತದೆ. ಸರಿಯಿಲ್ಲದಿದ್ದರೆ ಮುಟ್ಟಿದವರ ಮೈಯೇ ದಾರಿ. ಮನುಷ್ಯನ ಪ್ರಾಣಕ್ಕೆ ಕುತ್ತು ತರಲು 30 ಮಿಲಿಆಂಪಿಯರಿಗಿಂತ ತುಸು ಹೆಚ್ಚಿನ ಕರೆಂಟು ಸಾಕು. ಅದು ಹಳೆಯ 60 ವಾಟಿನ ಬಲ್ಬು ಎಳೆಯುವುದರ ಎಂಟನೆಯ ಒಂದು ಪಾಲು. ಅಷ್ಟು ಚಿಕ್ಕ ಸೋರಿಕೆಗೆ ಫ್ಯೂಜ್ ಹಾರುವುದಿಲ್ಲ. ಅದಕ್ಕೆಂದೇ ಆರ್‌ಸಿಸಿಬಿ ಎಂಬ ಸ್ವಿಚ್ ಇದೆ. ಹೋದ ಕರೆಂಟು, ಮರಳಿ ಬಂದ ಕರೆಂಟು ಎರಡನ್ನೂ ಅದು ತೂಗುತ್ತಲೇ ಇರುತ್ತದೆ. 30 ಮಿಲಿಆಂಪಿಯರಿನಷ್ಟು ವ್ಯತ್ಯಾಸ ಕಂಡರೆ ಕಣ್ಣು ಮಿಟುಕಿಸುವುದರೊಳಗೆ ಸಾಲು ಕಡಿದುಬಿಡುತ್ತದೆ. ಟಿ.ವಿ.ಗೆ ಕೊಟ್ಟ ದುಡ್ಡಿನಲ್ಲಿ ಚಿಕ್ಕದೊಂದು ಪಾಲು ಇದಕ್ಕೆ ಖರ್ಚು ಮಾಡಲು ಹಿಂಜರಿಯುವವರನ್ನು ಕಂಡರೆ ಆಶ್ಚರ್ಯವಾಗುತ್ತದೆ.

ಮನೆಯ ಹಿತ್ತಲಲ್ಲಿ ಅರ್ಥಿಂಗ್ ಕುಣಿ ಇದೆಯೆಂದ ಮಾತ್ರಕ್ಕೆ ಅದು ಬದುಕಿದೆ ಎಂದಲ್ಲ. ಕೊಳವೆಯ ಸುತ್ತ ಇದ್ದಲು, ಉಪ್ಪು ತುಂಬಿ ಮುಚ್ಚಿದವರು ಹತ್ತು ವರ್ಷ ಅದರ ಕಡೆ ನೋಡಿರುವುದಿಲ್ಲ. ಈ ಸೀಮೆಯ ಎರೆಮಣ್ಣು ಮಳೆಗಾಲದಲ್ಲಿ ನೀರು ಹಿಡಿದು ಕರೆಂಟಿಗೆ ಒಳ್ಳೆಯ ದಾರಿಯಾಗುತ್ತದೆ. ಚೈತ್ರ-ವೈಶಾಖದ ಬಿಸಿಲಿಗೆ ಅದೇ ಮಣ್ಣು ಕೈ ತೂರುವಷ್ಟು ಬಿರಿದು, ಕೊಳವೆಗೂ ಮಣ್ಣಿಗೂ ಸಂಬಂಧವೇ ತಪ್ಪುತ್ತದೆ. ಬೇಸಿಗೆಯಲ್ಲಿ ಕುಣಿಗೆ ಆಗಾಗ ಒಂದು ಕೊಡ ನೀರು ಹಾಕುವ ಹಳೆಯ ಪದ್ಧತಿ ಮೂಢನಂಬಿಕೆಯಲ್ಲ, ಒಳ್ಳೆಯ ವಿಜ್ಞಾನ. ಮುಧೋಳದ ಸುಣ್ಣಕಲ್ಲಿನ ನೆಲದಲ್ಲಿ ಒಂದೇ ಕೊಳವೆ ಸಾಲದೆ ಹೋಗಬಹುದು. ಪರೀಕ್ಷೆಯನ್ನು ಬಲ್ಲ ಇಲೆಕ್ಟ್ರಿಶಿಯನ್ ಕೈಯಿಂದಲೇ ಮಾಡಿಸಬೇಕು. ಅವರು ಅಳೆಯುವ ಮೀಟರು ತರುತ್ತಾರೆ, ಇಲ್ಲವೇ ಫೇಸಿಗೂ ಅರ್ಥಿಗೂ ನಡುವೆ 100 ವಾಟಿನ ಬಲ್ಬು ಹಚ್ಚಿ ನೋಡುತ್ತಾರೆ. ಬಲ್ಬು ಮಂದವಾಗಿ ಉರಿದರೆ ಕುಣಿ ಸತ್ತಿದೆ ಎಂದೇ ತಿಳಿಯಬೇಕು. (ಆರ್‌ಸಿಸಿಬಿ ಇದ್ದ ಮನೆಯಲ್ಲಿ ಬಲ್ಬು ಹಚ್ಚಿದೊಡನೆ ಸಾಲು ಕಡಿಯುತ್ತದೆ.) ಅರ್ಥ್ ತಂತಿಯನ್ನು ನ್ಯೂಟ್ರಲ್ಲಿಗೆ ಗಂಟು ಹಾಕಿ "ಆತು" ಎನ್ನುವವರೂ ಇದ್ದಾರೆ. ಮುಂದೆ ಎಂದಾದರೂ ನ್ಯೂಟ್ರಲ್ ಕಡಿದರೆ ಮನೆಯ ಲೋಹದ ಸಾಮಾನಿಗೆಲ್ಲ ಫೇಸ್ ಬಂದು ಕೂರುತ್ತದೆ. ಪ್ಲಗ್ ಇಲ್ಲದೆ ಬೋಳು ತಂತಿಯನ್ನೇ ಸಾಕೆಟ್ಟಿಗೆ ತುರುಕಿ ಬೆಂಕಿಕಡ್ಡಿ ಸಿಗಿಸುವುದಂತೂ ಮಾತಾಡಬೇಕಾದ ವಿಷಯವೇ ಅಲ್ಲ.

ಈಗಿನ ಅನೇಕ ಟಿ.ವಿ.ಗಳಿಗೆ, ಸೆಟ್ ಟಾಪ್ ಬಾಕ್ಸುಗಳಿಗೆ ಎರಡೇ ಪಿನ್ನು ಬರುತ್ತವಲ್ಲ ಎಂದು ಕೆಲವರು ಕೇಳುತ್ತಾರೆ. ಅವುಗಳಿಗೆ ಒಳಗೆ ಇಬ್ಬಗೆಯ ಹೊದಿಕೆ ಇರುತ್ತದೆ, ಭೂಮಿಯ ತಂತಿ ಬೇಕಿಲ್ಲದಂತೆ ಕಟ್ಟಿರುತ್ತಾರೆ. ಆದರೂ ಅಂಥ ಪೆಟ್ಟಿಗೆಯ ಹಿಂದಿನ ಲೋಹದ ಜೋಡಣೆ ಮುಟ್ಟಿದಾಗ ಬೆರಳಿಗೆ ಜುಮ್ ಎನ್ನುವುದುಂಟು. ಒಳಗಿನ ಒಂದು ಚಿಕ್ಕ ಕೆಪಾಸಿಟರಿನ ಮೂಲಕ ಸೋರುವ ಅತಿ ಅಲ್ಪ ಕರೆಂಟು ಅದು. ಸಾಮಾನ್ಯವಾಗಿ ಅಪಾಯವಿಲ್ಲ. ಆದರೆ ಇದು ಆ ಅಲ್ಪ ಸೋರಿಕೆಯೋ ನಿಜವಾದ ದೋಷವೋ ಎಂದು ಬೆರಳು ಹೇಳಲಾರದು. ಮೂರು ಪಿನ್ನಿನ ಉಪಕರಣ ಜುಮ್ ಎಂದರೆ ಮೊದಲು ಕುಣಿಯನ್ನು ಸಂಶಯಿಸಬೇಕು. ಯಾವುದೇ ಆಗಲಿ, ಹಿಂದಿನ ವೈರು ಹಾಕುವಾಗ, ತೆಗೆಯುವಾಗ ಸ್ವಿಚ್ ಬಂದ್ ಮಾಡಿ ಪ್ಲಗ್ ಕೀಳುವುದು ಲೇಸು. ತಟ್ಟೆಯ ಮೂತಿಗೆ ಬಾಕ್ಸು ಅದೇ ವೈರಿನಲ್ಲಿ 13 ಇಲ್ಲವೇ 18 ವೋಲ್ಟ್ ಕಳಿಸುತ್ತಿರುತ್ತದೆ. ಚಾಲೂ ಇದ್ದಾಗ ವೈರು ಕಿತ್ತು, ಹೊರಗಿನ ಎಳೆ ಒಳಗಿನದಕ್ಕೆ ತಾಗಿದರೆ ಬಾಕ್ಸಿಗೇ ಪೆಟ್ಟು.

ರಬಕವಿ-ಬನಹಟ್ಟಿಯ ಮಾತು ಬೇರೆ. ಅಲ್ಲಿ ಅನೇಕ ಮನೆಗಳಲ್ಲಿ ಟಿ.ವಿ. ಇರುವ ಗೋಡೆಯ ಆಚೆಗೇ ಮಗ್ಗ. ಸೀರೆ ನೇಯುವ ವಿದ್ಯುತ್ ಮಗ್ಗದ ಮೋಟಾರು ಶುರುವಾಗುವಾಗ ತನ್ನ ವಾಡಿಕೆಯ ಕರೆಂಟಿಗಿಂತ ಹಲವು ಪಟ್ಟು ಎಳೆಯುತ್ತದೆ. ಆಗ ದೀಪ ಮಿಣುಕುತ್ತದೆ. ಹಳೆಯ ಡಬ್ಬಿ ಟಿ.ವಿ.ಯಲ್ಲಿ ಚಿತ್ರ ಕುಗ್ಗಿ ಸುತ್ತ ಕಪ್ಪು ಅಂಚು ಬೀಳುತ್ತಿದ್ದುದು ಅದಕ್ಕೇ, ಸ್ಟೆಬಿಲೈಜರ್ ಇಲ್ಲದೆ ಆಗುತ್ತಿರಲಿಲ್ಲ. ಈಗಿನ ಎಲ್‌ಇಡಿ ಟಿ.ವಿ.ಗಳು ಸಾಮಾನ್ಯವಾಗಿ 100ರಿಂದ 240 ವೋಲ್ಟಿನವರೆಗೆ ಏನು ಬಂದರೂ ನಡೆಯುತ್ತವೆ. ವೋಲ್ಟೇಜ್ ಇಳಿಯಿತೆಂದು ಇಂದು ಹೆದರಬೇಕಿಲ್ಲ, ಹೆದರಬೇಕಾದದ್ದು ಏರಿದಾಗ. ಮೂರು ಫೇಸಿನ ಸಾಲಿನಲ್ಲಿ ನ್ಯೂಟ್ರಲ್ ಕಡಿದರೆ ಪಕ್ಕಪಕ್ಕದ ಎರಡು ಮನೆಗಳು ತಮಗರಿವಿಲ್ಲದೆ ಎರಡು ಫೇಸುಗಳ ನಡುವೆ ಸಾಲಾಗಿ ಜೋಡಿಸಿಕೊಳ್ಳುತ್ತವೆ. ಅವುಗಳ ನಡುವೆ 400 ವೋಲ್ಟು. ಮಗ್ಗ ಓಡುತ್ತಿರುವ ಮನೆಗೆ ಕಡಿಮೆ ಪಾಲು, ಒಂದು ಟಿ.ವಿ. ಒಂದು ಬಲ್ಬು ಇರುವ ಮನೆಗೆ ಹೆಚ್ಚಿನ ಪಾಲು ಹೋಗುತ್ತದೆ. ಓಣಿಯಲ್ಲಿ ಒಮ್ಮೆಲೇ ಕೆಲವು ದೀಪ ಝಗ್ಗನೆ ಉರಿದು ಕೆಲವು ಮಂಕಾದರೆ ಮೀಟರಿನ ಪಕ್ಕದ ಮೇನ್ ಸ್ವಿಚ್ ಕೆಳಗಿಳಿಸಿ ಹೆಸ್ಕಾಂ ಲೈನ್‌ಮನ್ನನಿಗೆ ಹೇಳಿಕಳಿಸಬೇಕು. ವೋಲ್ಟೇಜ್ ಮಿತಿ ಮೀರಿದೊಡನೆ ತಾನಾಗಿ ಕಡಿಯುವ ಸಾಧನ ಹಾಕಿಸಿದರೆ ಇನ್ನೂ ನಿಶ್ಚಿಂತೆ.

ಮಗ್ಗದ ಮನೆಯ ಇನ್ನೊಂದು ಶತ್ರು ನೂಲಿನ ಧೂಳು. ಟಿ.ವಿ.ಯ ಬೆನ್ನಿನ ಸೀಳುಗಳಲ್ಲಿ ಹತ್ತಿಯ ಎಳೆ ಕೂತು ಪದರವಾದರೆ ಒಳಗಿನ ಬಿಸಿ ಹೊರಗೆ ಹೋಗುವುದಿಲ್ಲ. ವಾರಕ್ಕೊಮ್ಮೆ ಪ್ಲಗ್ ಕಿತ್ತು ಒಣ ಕುಂಚದಿಂದ ಝಾಡಿಸಬೇಕು. ಅಂದಕ್ಕೆಂದು ಟಿ.ವಿ.ಯ ಮೇಲೆ ಕಸೂತಿಯ ಬಟ್ಟೆ ಹೊದಿಸುವ ರೂಢಿ ಡಬ್ಬಿ ಟಿ.ವಿ.ಯ ಕಾಲದ್ದು. ಅದನ್ನು ನೋಡುವ ಹೊತ್ತಿನಲ್ಲಾದರೂ ಪೂರಾ ತೆಗೆಯಬೇಕು.

ಗೋಡೆಯ ಆಯ್ಕೆಗೆ ಅರ್ಧ ತಾಸು ಕೊಟ್ಟರೂ ನಷ್ಟವಿಲ್ಲ. ಹಳೆಯ ವಾಡೆ, ಮನೆಗಳ ಗೋಡೆ ಕಲ್ಲಿನದು, ನಡುವಿನ ಗಾರೆ ಮಣ್ಣಿನದು. ಸ್ಕ್ರೂ ಕಲ್ಲಿಗೆ ಹಿಡಿದರೆ ಸರಿ, ಸಂದಿನ ಮಣ್ಣಿಗೆ ಹಿಡಿದರೆ ಆರು ತಿಂಗಳಲ್ಲಿ ಸಡಿಲು. ಸಂಶಯವಿದ್ದರೆ ತಗ್ಗಿನ ಅಗಲವಾದ ಮೇಜೇ ಒಳ್ಳೆಯದು. ಆದರೆ ಈಗಿನ ಟಿ.ವಿ. ಹಗುರ, ಕಾಲು ಸಣ್ಣ. ಅಂಬೆಗಾಲಿಡುವ ಕೂಸು ಹಿಡಿದೆಳೆದರೆ ಮೈಮೇಲೆ ಬೀಳುತ್ತದೆ. ಹಿಂಬದಿಯಿಂದ ಒಂದು ಗಟ್ಟಿ ಪಟ್ಟಿಯನ್ನು ಗೋಡೆಗೆ ಬಿಗಿಯಲೇಬೇಕು. ಗೋಡೆಯ ಮಾಡದಲ್ಲಿ ಟಿ.ವಿ. ತುರುಕಿದರೆ ಗಾಳಿ ಆಡುವುದಿಲ್ಲ.

ಎತ್ತರದಲ್ಲೂ ತಪ್ಪುತ್ತಾರೆ. ಖಾನಾವಳಿಯಲ್ಲಿ ಕಂಡಂತೆ ಬಾಗಿಲ ಮೇಲ್ಭಾಗಕ್ಕೆ ಏರಿಸುತ್ತಾರೆ. ಅಲ್ಲಿ ಹತ್ತು ಮಂದಿಯ ತಲೆಯ ಮೇಲಿಂದ ಕಾಣಬೇಕು, ಮನೆಯಲ್ಲಿ ಹಾಗೇನಿಲ್ಲ. ಪಡಸಾಲೆಯಲ್ಲಿ ಜಮಖಾನೆ ಹಾಸಿ ಕೂರುವವರ ಕಣ್ಣು ನೆಲದಿಂದ ಎರಡೂವರೆ ಅಡಿಯ ಮೇಲಿರುತ್ತದೆ. ಪರದೆಯ ನಡುಭಾಗ ಮೂರು ಅಡಿಯ ಸುಮಾರಿಗೆ ಇದ್ದರೆ ಕತ್ತು ನೋಯುವುದಿಲ್ಲ. 32 ಇಂಚಿನದಕ್ಕೆ ನಾಲ್ಕರಿಂದ ಆರೂವರೆ ಅಡಿ ದೂರ ಸಾಕು. "ಹತ್ತು ಅಡಿ ದೂರ ಕೂರು" ಎಂಬ ಅಜ್ಜಿಯ ಗದರಿಕೆ ಹಳೆಯ ಗಾಜಿನ ಕೊಳವೆಗೆ ಹೇಳಿದ್ದು. ಕಿಟಕಿಯ ಎದುರಿಗಿನ ಗೋಡೆ ಬೇಡ, ಪರದೆಯಲ್ಲಿ ಚಿತ್ರಕ್ಕಿಂತ ಅಂಗಳವೇ ಹೆಚ್ಚು ಕಾಣುತ್ತದೆ. ಅಂಗಡಿಯಲ್ಲಿ ಗಿರಾಕಿಯ ಕಣ್ಣು ಸೆಳೆಯಲು ಇಟ್ಟ ಢಾಳು ಬಣ್ಣದ ವ್ಯವಸ್ಥೆಯನ್ನು ಮನೆಯ ವ್ಯವಸ್ಥೆಗೆ ಬದಲಿಸಿದರೆ ಕಣ್ಣಿಗೂ ಹಿತ, ಕರೆಂಟಿನಲ್ಲೂ ಉಳಿತಾಯ.

ಮುಂಗಾರಿಗೆ ಮುಂಚಿನ ಅಡ್ಡಮಳೆಯ ಗುಡುಗು-ಸಿಡಿಲಿಗೆ ಈ ಸೀಮೆ ಹೆಸರುವಾಸಿ. ಮೋಡ ಕಟ್ಟುವಾಗಲೇ ಪ್ಲಗ್ಗನ್ನೂ ತಟ್ಟೆಯ ವೈರನ್ನೂ ಎರಡನ್ನೂ ಬಿಡಿಸಬೇಕು. ಸ್ವಿಚ್ ಬಂದ್ ಮಾಡಿದರೆ ಸಾಲದು. ಕಿಲೋಮೀಟರುಗಟ್ಟಲೆ ಗಾಳಿ ಸೀಳಿ ಬಂದ ಸಿಡಿಲಿಗೆ ಸ್ವಿಚ್ಚಿನ ಕಾಲು ಇಂಚಿನ ಸಂದು ಲೆಕ್ಕಕ್ಕಿಲ್ಲ. ಸಿಡಿಲು ಶುರುವಾದ ಮೇಲೆ ವೈರು ಮುಟ್ಟುವುದೂ ಬೇಡ, ಚಿತ್ರ ಹೋಯಿತೆಂದು ಮಾಳಿಗೆ ಏರುವುದಂತೂ ಬೇಡವೇ ಬೇಡ. ಜೋರು ಮಳೆಯಲ್ಲಿ ಚಿತ್ರ ಹೋಗುವುದು ಸಹಜ. ಚಿಕ್ಕ ಅಲೆಯನ್ನು ಮಳೆಹನಿ ಹೀರುತ್ತದೆ, ಮಳೆ ನಿಂತರೆ ತಾನೇ ಬರುತ್ತದೆ. ಮಾರ್ಚ್ ಎರಡನೆಯ ವಾರ ಮತ್ತು ಅಕ್ಟೋಬರಿನ ಆರಂಭದ ಆಸುಪಾಸಿನಲ್ಲಿ ನಿಚ್ಚಳ ಬಿಸಿಲಿನಲ್ಲೇ ಕೆಲವು ನಿಮಿಷ ಚಿತ್ರ ಮಾಯವಾದರೂ ಗಾಬರಿ ಬೇಡ. ಆಗ ಸೂರ್ಯ ಸರಿಯಾಗಿ ಉಪಗ್ರಹದ ಬೆನ್ನ ಹಿಂದೆ ಹಾದುಹೋಗುತ್ತಿರುತ್ತಾನೆ.

2019ರ ಆಗಸ್ಟಿನ ಪ್ರವಾಹವನ್ನು ಕೃಷ್ಣೆ, ಘಟಪ್ರಭೆಯ ದಂಡೆಯವರು ಮರೆಯುವಂತಿಲ್ಲ. ಅಂಥ ನೀರಿನಲ್ಲಿ ಮುಳುಗಿದ ಟಿ.ವಿ.ಯನ್ನು ಎರಡು ದಿನ ಬಿಸಿಲಿಗಿಟ್ಟು ಹಚ್ಚಿ ನೋಡುವುದು ಎಲ್ಲರೂ ಮಾಡುವ ಕೆಲಸ. ನೀರು ಆರುತ್ತದೆ, ಹೊಳೆಯ ರಾಡಿ ಒಳಗೇ ಉಳಿಯುತ್ತದೆ. ಅದು ತೇವ ಹಿಡಿದು ಕರೆಂಟಿಗೆ ದಾರಿ ಕೊಡುತ್ತದೆ. ರಿಪೇರಿಯವರು ಬಿಚ್ಚಿ ತೊಳೆದು ನೋಡುವವರೆಗೆ ಪ್ಲಗ್ ಮುಟ್ಟಬಾರದು. ಮುಳುಗಿದ ಸ್ವಿಚ್ ಬೋರ್ಡಿಗೂ ಇದೇ ಮಾತು. ಹೊಸದಾಗಿ ವೈರಿಂಗ್ ಮಾಡಿಸುವವರು ಗೋಡೆಯ ಮೇಲೆ ಉಳಿದ ಪ್ರವಾಹದ ಗೆರೆ ನೋಡಿ ಸಾಕೆಟ್ಟನ್ನು ಅದರ ಮೇಲಿಡಬಹುದು. ಆಲಮಟ್ಟಿಯ ಹಿನ್ನೀರಿಗೆ ಮನೆ ಬಿಟ್ಟು ಪುನರ್ವಸತಿ ಕೇಂದ್ರಗಳಿಗೆ ಬಂದ ಬೀಳಗಿ ತಾಲೂಕಿನ ಕುಟುಂಬಗಳು ಹಳೆಯ ಬಾಗಿಲು, ತೊಲೆ, ಜಂತಿಗಳನ್ನು ಹೊತ್ತು ತಂದವು. ಅರ್ಥಿಂಗ್ ಕುಣಿಯನ್ನು ಹಾಗೆ ಹೊತ್ತು ತರಲಾಗದು. ಹೊಸ ಮನೆಗೆ ಹೊಸದನ್ನೇ ತೋಡಿಸಬೇಕು.

ಹೊಸದು ಗೋಡೆಯೇರಿದ ಮೇಲೆ ಹಳೆಯ ಡಬ್ಬಿ ಟಿ.ವಿ. ಅಟ್ಟ ಸೇರುತ್ತದೆ, ಅಲ್ಲಿಂದ ಮಕ್ಕಳ ಕೈಗೆ. ಅದರ ಬೆನ್ನು ಬಿಚ್ಚಗೊಡಬಾರದು. ಪ್ಲಗ್ ಕಿತ್ತ ಮೇಲೂ ಚಿತ್ರ ಕೊಳವೆಯಲ್ಲಿ ಸಾವಿರಾರು ವೋಲ್ಟಿನ ಉಳಿಕೆ ಇರಬಹುದು. ಆ ದಪ್ಪ ಗಾಜಿನಲ್ಲಿ ಸೀಸವಿದೆ, ಒಡೆದು ತಿಪ್ಪೆಗೆ ಹಾಕಿದರೆ ಅದು ಹೊಲಕ್ಕೇ ಹೋಗುತ್ತದೆ. ತಾಮ್ರದ ಆಸೆಗೆ ಕಲ್ಲಿನಿಂದ ಕುಟ್ಟುವ ಗುಜರಿಯವನಿಗಲ್ಲ, ಹೊಸದನ್ನು ಕೊಟ್ಟ ಅಂಗಡಿಗೇ ಬದಲಿಗೆ ಕೊಡುವುದೋ, ಇ-ತ್ಯಾಜ್ಯ ಸಂಗ್ರಹಿಸಲು ಪರವಾನಗಿ ಇದ್ದವರಿಗೆ ತಲುಪಿಸುವುದೋ ಮಾಡಬೇಕು. ಹೊಸದರ ಬೆಲೆ ಚೌಕಾಸಿ ಮಾಡುವ ಹೊತ್ತಿನಲ್ಲೇ ಈ ಮಾತನ್ನೂ ಮುಗಿಸಿಕೊಂಡರೆ ಟಂಟಂ ಹೋಗುವಾಗ ಹಳೆಯದನ್ನು ಹೊತ್ತುಕೊಂಡು ಹೋಗುತ್ತದೆ.